ಕಂತು ಕಟ್ಟುವ ರೈತನಿಗೆ ಕೋರ್ಟಿನ ಕರೆ



ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಕಡೆ ಬೇಲು ಹೊತ್ತು ನಿಲ್ಲುತ್ತಿದ್ದ ಗಾಡಿಗಳ ಸಾಲು ಕರಗಿದೆ. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಭತ್ತದ ಹುಲ್ಲು ಮೆದೆಯಾಗಿದೆ. ಹೆಗ್ಗಡದೇವನ ಕೋಟೆಯ ಕಡೆ ರಾಗಿಯೂ ಹತ್ತಿಯೂ ಮನೆ ಸೇರಿವೆ. ನಮ್ಮ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತು ಇದು. ಸಾಲ ಕೊಟ್ಟವರು ನಮ್ಮನ್ನು ನೆನಪು ಮಾಡಿಕೊಳ್ಳುವ ಹೊತ್ತೂ ಇದೇ.

ಗೊಬ್ಬರದ ವಿಚಾರ, ಕೀಟದ ವಿಚಾರ ಹೇಳತಕ್ಕ ನಾನು ಇಂದು ಕೋರ್ಟಿನ ವಿಚಾರ ಎತ್ತಿಕೊಂಡದ್ದೇಕೆ ಎಂದು ನೀವು ಕೇಳಬಹುದು. ಹೋದ ವರ್ಷ ಬಿತ್ತನೆ ಬೀಜಕ್ಕೆಂದು ನಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಪಿರಿಯಾಪಟ್ಟಣದ ಕಡೆಯ ಹಿರಿಯರೊಬ್ಬರು ಬಂದಿದ್ದರು. ಬೀಜದ ಚೀಲ ಪಕ್ಕಕ್ಕಿಟ್ಟು ಮೆಲ್ಲಗೆ ಕೇಳಿದರು: “ಸ್ವಾಮಿ, ನಾನು ಒಪ್ಪಿದಂಗೆ ಕಂತು ಕಟ್ತಾನೇ ಇವ್ನಿ. ಆದ್ರೂ ಕೋರ್ಟಿಂದ ಕಾಗ್ದ ಬಂದದೆ. ಈಸ್ಕೊಂಡ್ರೆ ಒಪ್ಕೊಂಡಂಗಾಯ್ತದೆ ಅಂತ ಈಸ್ಕೊಳ್ಳಿಲ್ಲ. ಬಾಗಿಲಿಗೆ ಅಂಟಿಸ್ಬುಟ್ಟು ಹೋದ. ಈಗೇನು ಮಾಡಾನ?”

ನಾನು ಓದಿದ್ದು ಕೃಷಿ ಡಿಪ್ಲೊಮಾ, ವಕೀಲಿಕೆ ಅಲ್ಲ. ಆ ದಿನ ನನಗೂ ಉತ್ತರ ತಿಳಿಯಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ನಮ್ಮ ಮನೆಯಲ್ಲೇ ಒಮ್ಮೆ ಎದ್ದಿದ್ದ ಪ್ರಶ್ನೆ. ಅದಕ್ಕೆಂದೇ ಹುಣಸೂರಿನ ತಿಳಿದ ವಕೀಲರನ್ನು ಕಂಡೆ, ಹಳೆಯ ಶಾಸನಗಳನ್ನು ತಿರುವಿ ನೋಡಿದೆ. ರೈತ ಮಾಡಿದ ಸಾಲ, ಅವನು ಕಟ್ಟುವ ಕಂತು, ಅವನ ಮೇಲೆ ಬೀಳುವ ದಾವೆ, ಈ ಮೂರರ ಕಥೆ ನೂರೈವತ್ತು ವರ್ಷದ್ದು. ಅದನ್ನು ತಿಳಿದರೆ ಇಂದು ಬಾಗಿಲಿಗೆ ಬಂದ ಕಾಗದವನ್ನು ಹೇಗೆ ಓದಬೇಕೆಂಬುದು ಅರ್ಥವಾಗುತ್ತದೆ.

ಮೊದಲು ನಮ್ಮ ನಾಡಿನಿಂದ ಸ್ವಲ್ಪ ಬಡಗಲಿಗೆ ಹೋಗೋಣ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಹಾಗಾಗಿ ದಖನ್ನಿನ ಹತ್ತಿಗೆ ಒಳ್ಳೆ ಬೆಲೆ ಬಂತು. ಬೆಲೆ ನೋಡಿ ಸಾವುಕಾರರು ಧಾರಾಳವಾಗಿ ಸಾಲ ಕೊಟ್ಟರು, ರೈತರೂ ಧಾರಾಳವಾಗಿ ಈಸಿಕೊಂಡರು. ೧೮೬೫ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಮಾತ್ರ ನಿಂತಿತು. ಸಾಲದ ಮೇಲೆ ಕಂದಾಯವೂ ಏರಿತು. ಹೊಗೆಸೊಪ್ಪಿನ ಬೆಲೆ ಏರಿದ ವರ್ಷ ಮಗಳ ಮದುವೆಗೆ ಸಾಲ ಮಾಡಿ, ಬಿದ್ದ ವರ್ಷ ತಲೆಯ ಮೇಲೆ ಕೈ ಹೊತ್ತು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಲದ ಕೋರ್ಟು ಪತ್ರವನ್ನು ನೋಡುತ್ತಿತ್ತು, ಪತ್ರದ ಹಿಂದಿನ ಕಥೆಯನ್ನು ನೋಡುತ್ತಿರಲಿಲ್ಲ. ಹತ್ತು ರೂಪಾಯಿ ಈಸಿಕೊಂಡವನು ನೂರು ರೂಪಾಯಿಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದರೆ ಕೋರ್ಟಿಗೆ ನೂರೇ ಲೆಕ್ಕ. ಹಲವರು ಕೋರ್ಟಿಗೆ ಹೋಗಲೇ ಇಲ್ಲ. ಎದುರು ಪಕ್ಷ ಬರಲಿಲ್ಲವೆಂದು ಸಾವುಕಾರನಿಗೆ ಡಿಕ್ರಿ ಆಗುತ್ತಿತ್ತು. ಕೊನೆಗೆ ೧೮೭೫ನೆಯ ಇಸವಿ ಮೇ ೧೨ರಂದು ಪುಣೆ ಜಿಲ್ಲೆಯ ಸೂಪೆ ಎಂಬ ಊರಿನಲ್ಲಿ ರೈತರು ಸಾವುಕಾರರ ಅಂಗಡಿ ಮನೆಗಳಿಗೆ ನುಗ್ಗಿದರು. ಅವರು ಹುಡುಕಿದ್ದು ಮುಖ್ಯವಾಗಿ ಸಾಲದ ಪತ್ರಗಳನ್ನು ಮತ್ತು ಲೆಕ್ಕದ ಪುಸ್ತಕಗಳನ್ನು. ಸಿಕ್ಕಿದ್ದನ್ನು ಬೀದಿಯಲ್ಲಿ ಸುಟ್ಟರು. ಸುತ್ತಣ ಊರುಗಳಿಗೂ ಅಹಮದನಗರ ಜಿಲ್ಲೆಗೂ ಗಲಭೆ ಹಬ್ಬಿತು. ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಜಗಳ ಇದ್ದುದು ಕಾಗದದ ಮೇಲೆ ಎಂಬುದನ್ನು ಮಾತ್ರ ಅವರು ಸರಿಯಾಗಿ ಹಿಡಿದಿದ್ದರು.

ಸರ್ಕಾರ ಒಂದು ವಿಚಾರಣಾ ಸಮಿತಿ ನೇಮಿಸಿತು. ೧೮೭೯ರಲ್ಲಿ ದಖನ್ ರೈತರ ಪರಿಹಾರ ಶಾಸನ ಬಂತು. ಅದರಲ್ಲಿ ನಾಲ್ಕು ಸಂಗತಿ ಹೊಸದು. ಕೋರ್ಟು ಪತ್ರದ ಮೊತ್ತ ನೋಡಿ ಸುಮ್ಮನಾಗದೆ, ಮೊದಲ ದಿನದಿಂದ ಕೊಟ್ಟದ್ದೆಷ್ಟು, ತಂದದ್ದೆಷ್ಟು ಎಂದು ಲೆಕ್ಕ ಬಿಡಿಸತಕ್ಕದ್ದು. ಡಿಕ್ರಿಯ ಹಣವನ್ನು ಕಂತಿನ ಮೇಲೆ ಕಟ್ಟಿಸಲು ಕೋರ್ಟಿಗೆ ಅಧಿಕಾರ ಬಂತು; ಡಿಕ್ರಿ ಆದ ಮೇಲೂ ಈ ಅಧಿಕಾರ ಇತ್ತು. ಹಣದ ಡಿಕ್ರಿಗಾಗಿ ರೈತನನ್ನು ಹಿಡಿದು ಸೆರೆಗೆ ಹಾಕಕೂಡದು. ಆಧಾರವಾಗಿ ಬರೆದುಕೊಡದ ಜಮೀನನ್ನು ಸಾಮಾನ್ಯವಾಗಿ ಜಪ್ತಿ ಮಾಡಕೂಡದು. ನಮ್ಮ ದೇಶದಲ್ಲಿ ರೈತನ ಕಂತು ಎಂಬುದು ಸಾವುಕಾರನ ದಯೆಯಿಂದ ಬಿಡಿಸಿಕೊಂಡು ಕಾನೂನಿನ ಮಾತಾದದ್ದು ಇಲ್ಲಿಂದ ಎನ್ನಬಹುದು.

ಇನ್ನು ನಮ್ಮ ಮೈಸೂರು ಸೀಮೆಗೆ ಬರೋಣ. ೧೮೭೬ರಿಂದ ೭೮ರವರೆಗಿನ ಧಾತು ಈಶ್ವರದ ಬರವನ್ನು ನಮ್ಮ ಮುತ್ತಜ್ಜಿಯರು ಹೇಳಿಕೊಂಡು ಬಂದಿದ್ದಾರೆ. ಬರ ಕಳೆದ ಮೇಲೆ ಉಳಿದವರ ಬೆನ್ನ ಮೇಲೆ ಸಾಲ ಉಳಿಯಿತು. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಸರೆಯ ಸಮಯಕ್ಕೆ ಮೈಸೂರಿನಲ್ಲಿ ಸೇರುತ್ತಿದ್ದ ಆ ಸಭೆಯಲ್ಲಿ ರೈತರ ಕಷ್ಟ ಹೇಳಿಕೊಳ್ಳಲು ಒಂದು ಜಾಗವಾಯಿತು. ೧೮೯೪ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಕೃಷಿ ಬ್ಯಾಂಕುಗಳನ್ನು ಆರಂಭಿಸಿದರು. ಬಾಕಿ ಬೆಳೆದು ಅವು ನಿಲ್ಲಲಿಲ್ಲ. ೧೯೦೫ರಲ್ಲಿ ಸಹಕಾರ ಸಂಘಗಳ ಶಾಸನ ಬಂತು. ೧೯೨೯ರಲ್ಲಿ ಬೆಂಗಳೂರಿನಲ್ಲಿ ಭೂ ಅಡಮಾನ ಬ್ಯಾಂಕು ಸ್ಥಾಪನೆಯಾಯಿತು. ಇವೆಲ್ಲ ಸಾಲ ಕೊಡುವ ಏರ್ಪಾಡು.

ನಮ್ಮ ಇಂದಿನ ಮಾತಿಗೆ ಬೇಕಾದದ್ದು ಇನ್ನೆರಡು ಶಾಸನ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ೧೯೨೮ರಲ್ಲಿ ಮೈಸೂರು ರೈತರ ಪರಿಹಾರ ಶಾಸನ ಬಂತು. ದಖನ್ನಿನ ಶಾಸನವೇ ಇದಕ್ಕೆ ಮಾದರಿ. ಅದಾದ ಸ್ವಲ್ಪ ಕಾಲಕ್ಕೇ ಜಗತ್ತಿನಲ್ಲೆಲ್ಲ ಬೆಲೆ ಕುಸಿಯಿತು. ಮೂವತ್ತರ ದಶಕದಲ್ಲಿ ದವಸ ಮಾರಿದರೆ ಬಡ್ಡಿಗೂ ಸಾಲದಂತಾಯಿತು. ಆಗ ಮಧ್ಯ ಪ್ರಾಂತ್ಯದಲ್ಲಿ ೧೯೩೩ರಲ್ಲಿ, ಪಂಜಾಬಿನಲ್ಲಿ ೧೯೩೪ರಲ್ಲಿ, ನಮ್ಮ ಮೈಸೂರಿನಲ್ಲಿ ೧೯೩೭ರಲ್ಲಿ ಸಾಲ ರಾಜಿಯ ಶಾಸನಗಳು ಬಂದವು.

ಇವುಗಳ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಾಲಗಾರನು ಮಂಡಳಿಗೆ ಅರ್ಜಿ ಕೊಡುತ್ತಾನೆ. ಮಂಡಳಿಯವರು ಸಾಲ ಕೊಟ್ಟವರನ್ನೆಲ್ಲ ಕರೆಸಿ ಲೆಕ್ಕ ಹಾಕಿ, ಇವನ ಕೈಲಾಗುವಷ್ಟು ಕಂತನ್ನು ಗೊತ್ತುಮಾಡಿ ಒಪ್ಪಂದ ಬರೆಸುತ್ತಾರೆ. ಒಬ್ಬ ಸಾವುಕಾರ ಒಪ್ಪದೆ, “ನನಗೆ ನಿಮ್ಮ ಕಂತು ಬೇಡ, ನಾನು ಕೋರ್ಟಿಗೆ ಹೋಗುತ್ತೇನೆ” ಎಂದರೆ? ಪಂಜಾಬು ಮತ್ತು ಮಧ್ಯ ಪ್ರಾಂತ್ಯದ ಶಾಸನ ಅವನನ್ನು ತಡೆಯಲಿಲ್ಲ; ಹೋಗಲಿ ಎಂದಿತು. ಆದರೆ ಸಾಲಗಾರ ಮುಂದಿಟ್ಟ ಮಾತು ನ್ಯಾಯವಾಗಿತ್ತು ಎಂದು ಮಂಡಳಿಗೆ ಕಂಡರೆ, ಅವನ ಕೈಗೆ ಒಂದು ಪ್ರಮಾಣಪತ್ರ ಕೊಡುತ್ತಿದ್ದರು. ಆ ಪತ್ರ ಇದ್ದವನ ಮೇಲೆ ದಾವೆ ಹೂಡಿ ಗೆದ್ದರೂ ಸಾವುಕಾರನಿಗೆ ಕೋರ್ಟಿನ ಖರ್ಚು ಸಿಗುತ್ತಿರಲಿಲ್ಲ; ಪತ್ರದ ದಿನದಿಂದಾಚೆಗೆ ವರ್ಷಕ್ಕೆ ನೂರಕ್ಕೆ ಆರರ ಸರಳ ಬಡ್ಡಿಗಿಂತ ಹೆಚ್ಚು ಸಿಗುತ್ತಿರಲಿಲ್ಲ. ಒಂದು ಕಾಗದದಿಂದ ಸಾವುಕಾರನ ಲಾಭ ಕರಗಿಹೋಗುತ್ತಿತ್ತು. ಆ ಶಾಸನ ಬರೆದವರ ಜಾಣತನವನ್ನು ಮೆಚ್ಚಬೇಕು.

ಈ ಹಳೆಯ ಶಾಸನಗಳನ್ನು ನಂಬಿಕೊಂಡು ಯಾರೂ ಈಗ ಕೋರ್ಟಿಗೆ ಹೋಗಬೇಡಿ. ಇಂದು ಹುಣಸೂರಿನಲ್ಲಾಗಲಿ ಕೋಟೆಯಲ್ಲಾಗಲಿ ಸಾಮಾನ್ಯ ಕೈಸಾಲದ ದಾವೆ ನಡೆಯುವುದು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ಅದರಲ್ಲಿ ನಿಮಗೆ ಅನುಕೂಲ ಉಂಟು. ನಿಮ್ಮನ್ನು ಎಡವಿಸುವ ಕಲ್ಲುಗಳೂ ಉಂಟು.

ನಮ್ಮ ತಾತ ಎಡವಿದ್ದು ಅಂಥ ಒಂದು ಕಲ್ಲಿಗೇ. ಅರವತ್ತರ ದಶಕದ ಮಾತು. ಅವರ ಮೇಲೆ ಪ್ರೋನೋಟಿನ ಡಿಕ್ರಿ ಆಗಿತ್ತು. ಡಿಕ್ರಿ ಆದ ಮೇಲೆ ಊರ ಹಿರಿಯರು ಅರಳಿಕಟ್ಟೆಯಲ್ಲಿ ಕೂತು, ಸುಗ್ಗಿಗೊಂದು ಕಂತಿನಂತೆ ಕೊಡುವುದೆಂದು ಮಾತಾಡಿಸಿದರು. ಸಾಲ ಕೊಟ್ಟವರು ಒಪ್ಪಿದರು. ತಾತ ಮೂರು ಸುಗ್ಗಿ ಕೊಟ್ಟರು. ಒಂದು ಸಲವೂ ತಪ್ಪಲಿಲ್ಲ. ರಸೀದಿ ಕೇಳಿದರೆ, “ನನ್ನ ಮೇಲೆ ನಂಬಿಕೆ ಇಲ್ಲವೇನಯ್ಯ?” ಎಂದರಂತೆ. ತಾತನಿಗೆ ನಾಚಿಕೆಯಾಗಿ ಸುಮ್ಮನಾದರು. ನಾಲ್ಕನೆಯ ವರ್ಷ ಸಾಲ ಕೊಟ್ಟವರು ತೀರಿಕೊಂಡರು. ಅವರ ಕಡೆಯವರು ಡಿಕ್ರಿಯ ಪೂರಾ ಹಣಕ್ಕೆ ಅಮಲ್ಜಾರಿ ಅರ್ಜಿ ಹಾಕಿದರು. ಕೋರ್ಟಿನ ಅಮೀನರು ಮನೆಗೆ ಬಂದು ಕೊಟ್ಟಿಗೆಯ ಎತ್ತು ನೋಡಿದರು, ಬಿಟ್ಟರು. ನೇಗಿಲು ನೋಡಿದರು, ಬಿಟ್ಟರು. ಹಟ್ಟಿಯಲ್ಲಿದ್ದ ಹನ್ನೆರಡು ಕುರಿ ಜಪ್ತಿಯಾದವು. ಅಜ್ಜಿ ಸಾಯುವವರೆಗೂ ಆ ಹನ್ನೆರಡು ಕುರಿಯ ಬಣ್ಣ ಹೇಳುತ್ತಿದ್ದಳು.

ಕೊಟ್ಟ ಮೂರು ಕಂತು ಏಕೆ ಲೆಕ್ಕಕ್ಕೆ ಬರಲಿಲ್ಲ? ನನಗೆ ಬಹಳ ವರ್ಷ ಇದು ಸಾಲ ಕೊಟ್ಟವರ ಮೋಸ ಎಂದೇ ತೋರಿತ್ತು. ಈಗ ತಿಳಿದವರು ಹೇಳಿದ ಮೇಲೆ ಗೊತ್ತಾಯಿತು. ಡಿಕ್ರಿ ಆದ ಮೇಲೆ ಕೋರ್ಟಿನ ಹೊರಗೆ ಕೊಟ್ಟ ಹಣವನ್ನು ಕೋರ್ಟಿನ ದಾಖಲೆಯಲ್ಲಿ ಬರೆಸದಿದ್ದರೆ, ಅಮಲ್ಜಾರಿ ಮಾಡುವ ಕೋರ್ಟು ಆ ಹಣವನ್ನು ಪರಿಗಣಿಸುವುದಿಲ್ಲ. ಇದು ಸಂಹಿತೆಯ ೨೧ನೆಯ ಆದೇಶದ ೨ನೆಯ ನಿಯಮ. ಇಂದಿಗೂ ಜಾರಿಯಲ್ಲಿದೆ. ಹಣ ಈಸಿಕೊಂಡವನೇ ಕೋರ್ಟಿಗೆ ತಿಳಿಸಬೇಕು. ಅವನು ತಿಳಿಸದಿದ್ದರೆ ಕೊಟ್ಟವನು, ಕೊಟ್ಟ ದಿನದಿಂದ ೩೦ ದಿವಸದೊಳಗೆ, ಬರೆಸಿಕೊಳ್ಳಿರೆಂದು ಅರ್ಜಿ ಹಾಕಬೇಕು. ೧೯೭೬ರ ತಿದ್ದುಪಡಿಯಾದ ಮೇಲೆ ಇನ್ನೂ ಬಿಗಿಯಾಗಿದೆ: ಬರೇ ಬಾಯಿಸಾಕ್ಷಿ ಸಾಲದು, ನಿಯಮದಲ್ಲಿ ಹೇಳಿದ ರೀತಿ ಹಣ ಸಂದಿರಬೇಕು, ಇಲ್ಲವೇ ಕಾಗದದ ಸಾಕ್ಷಿ ಇರಬೇಕು, ಇಲ್ಲವೇ ಡಿಕ್ರಿ ಪಡೆದವನೇ ಒಪ್ಪಬೇಕು. ಅರಳಿಕಟ್ಟೆಯ ಮಾತು ಅರಳಿಕಟ್ಟೆಗೇ ಉಳಿಯಿತು.

ಎತ್ತು, ನೇಗಿಲು ಬಿಟ್ಟದ್ದು ಅಮೀನರ ಕರುಣೆಯಲ್ಲ. ಸಂಹಿತೆಯ ೬೦ನೆಯ ಕಲಮು ಅವರ ಕೈ ಹಿಡಿದಿತ್ತು. ರೈತನ ಬೇಸಾಯದ ಉಪಕರಣ, ಅವನ ಜೀವನಕ್ಕೆ ಬೇಕೆಂದು ಕೋರ್ಟಿಗೆ ತೋರುವ ದನ ಮತ್ತು ಬಿತ್ತನೆ ಬೀಜ, ಅವನು ವಾಸವಿರುವ ಮನೆ, ಅಡಿಗೆಯ ಪಾತ್ರೆ, ಉಡುವ ಬಟ್ಟೆ, ಹಾಸಿಗೆ, ಹೆಣ್ಣುಮಕ್ಕಳು ಧರ್ಮದ ಪದ್ಧತಿಯಂತೆ ತೆಗೆಯಲಾಗದ ತಾಳಿಯಂಥ ಒಡವೆ, ಇವನ್ನು ಹಣದ ಡಿಕ್ರಿಗೆ ಜಪ್ತಿ ಮಾಡಕೂಡದು. ಪತ್ರದಲ್ಲಿ “ಈ ರಕ್ಷಣೆ ನನಗೆ ಬೇಡ” ಎಂದು ಮೊದಲೇ ಬರೆಸಿಕೊಂಡಿದ್ದರೂ ಆ ಬರಹ ನಿಲ್ಲುವುದಿಲ್ಲ. ಆದರೆ ಮನೆಯನ್ನು ಅಡಮಾನ ಮಾಡಿಕೊಟ್ಟಿದ್ದರೆ ಮಾತು ಬೇರೆ. ಮತ್ತು ಹೊಲಕ್ಕೆ ಈ ಕಲಮಿನ ರಕ್ಷಣೆ ಇಲ್ಲ ಎಂಬುದನ್ನು ಮರೆಯಬೇಡಿ. ನಮ್ಮವರು ಎತ್ತು ಉಳಿಯಿತೆಂದು ಸಮಾಧಾನ ಮಾಡಿಕೊಂಡು ಹೊಲದ ಹರಾಜಿನ ನೋಟೀಸನ್ನು ಸೂರಿಗೆ ಸಿಕ್ಕಿಸಿ ಮರೆತದ್ದುಂಟು.

ಸೆರೆಮನೆಯ ಭಯವನ್ನೂ ಇಲ್ಲೇ ಬಿಡಿಸಿ ಹೇಳುತ್ತೇನೆ. “ದುಡ್ಡು ಕಟ್ಟದಿದ್ದರೆ ಒಳಗೆ ಹಾಕಿಸ್ತೀನಿ” ಎಂಬುದು ಹಳೆಯ ಬೆದರಿಕೆ. ೧೯೩೬ರಲ್ಲೇ ಸಂಹಿತೆಗೆ ತಿದ್ದುಪಡಿ ತಂದು, ಪ್ರಾಮಾಣಿಕ ಸಾಲಗಾರನನ್ನು ಸುಮ್ಮನೆ ಸೆರೆಗೆ ಕಳಿಸದಂತೆ ಮಾಡಿದರು. ೧೯೮೦ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೊಡಲಾರದ ಬಡತನವೇ ಸೆರೆಗೆ ಕಾರಣವಾಗಕೂಡದು, ಕೊಡಬಲ್ಲವನು ಕೆಟ್ಟ ಬುದ್ಧಿಯಿಂದ ಕೊಡದೆ ಇದ್ದರೆ ಮಾತ್ರ ಆ ಮಾತು ಎಂದು ಸ್ಪಷ್ಟಪಡಿಸಿತು. ಹೆಂಗಸರನ್ನಂತೂ ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ. ಸ್ತ್ರೀ ಸಂಘದ ತಾಯಂದಿರು ಇದನ್ನು ಜ್ಞಾಪಕದಲ್ಲಿಡಿ. ಚೆಕ್ಕು ಕೊಟ್ಟಿದ್ದರೆ ಮಾತ್ರ ಹುಷಾರು. ಬ್ಯಾಂಕಿನಲ್ಲಿ ಹಣವಿಲ್ಲದೆ ಚೆಕ್ಕು ಹಿಂದಕ್ಕೆ ಬಂದರೆ ಅದು ಕ್ರಿಮಿನಲ್ ಮೊಕದ್ದಮೆಯಾಗಬಲ್ಲದು. ನೋಟೀಸು ಕೈಸೇರಿದ ೧೫ ದಿವಸದೊಳಗೆ ಹಣ ಕೊಟ್ಟರೆ ಮೊಕದ್ದಮೆ ಹುಟ್ಟುವುದಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವುದು, ಹಿಂದೆ ಖಾಲಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಕ್ಕಿಂತ ಒಂದು ಕೂದಲೂ ಕಡಮೆಯಲ್ಲ.

ಕಥೆಯ ಇನ್ನೊಂದು ಘಟ್ಟ ನಮ್ಮ ಹುಣಸೂರಿನವರದೇ. ಕಲ್ಲಹಳ್ಳಿಯ ದೇವರಾಜ ಅರಸರು ೧೯೭೨ರಲ್ಲಿ ಮುಖ್ಯಮಂತ್ರಿಯಾದರು. ೧೯೭೫ನೆಯ ಜುಲೈನಲ್ಲಿ ಕೇಂದ್ರ ಸರ್ಕಾರ ಸಾರಿದ ಇಪ್ಪತ್ತು ಅಂಶದ ಕಾರ್ಯಕ್ರಮದಲ್ಲಿ ಗ್ರಾಮೀಣ ಸಾಲದ ಪರಿಹಾರವೂ ಜೀತದ ವಿಮೋಚನೆಯೂ ಸೇರಿದ್ದವು. ಕರ್ನಾಟಕದಲ್ಲಿ ೧೯೭೬ರ ಋಣ ಪರಿಹಾರ ಶಾಸನ ಬಂತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಕಾರರು, ದುರ್ಬಲ ವರ್ಗದವರು ಸಾವುಕಾರರಿಗೆ ಕೊಡಬೇಕಾಗಿದ್ದ ಸಾಲ ತೀರಿದಂತೆಯೇ ಆಯಿತು. ಅವರ ಮೇಲಿನ ದಾವೆಗಳು ನಿಂತವು, ಗಿರವಿ ಇಟ್ಟ ಒಡವೆ ಹಿಂದಕ್ಕೆ ಕೊಡತಕ್ಕದ್ದೆಂದಾಯಿತು. ಸಾಲಕ್ಕೆ ಮಗನನ್ನೇ ಜೀತಕ್ಕೆ ಬಿಟ್ಟ ಮನೆಗಳಿಗೆ ಇದು ಎಷ್ಟು ದೊಡ್ಡ ಮಾತೆಂದು ಕೋಟೆ ತಾಲ್ಲೂಕಿನ ಹಿರಿಯರನ್ನು ಕೇಳಿ ನೋಡಿ. ಬ್ಯಾಂಕು, ಸಹಕಾರ ಸಂಘ, ಸರ್ಕಾರದ ಬಾಕಿಗೆ ಇದು ಅನ್ವಯಿಸಲಿಲ್ಲ. ಮಹಾರಾಷ್ಟ್ರದ ಅಂಥದೇ ಶಾಸನವನ್ನು ೧೯೭೭ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಸಾವುಕಾರರು ಕೈ ಬಿಗಿಹಿಡಿದದ್ದೂ ನಿಜ. ಮರುವರ್ಷದ ಬಿತ್ತನೆಗೆ ಸಾಲ ಹುಟ್ಟದೆ ಅಲೆದೆವೆಂದು ಹೇಳುವವರೂ ಇದ್ದಾರೆ. ಎರಡನ್ನೂ ಹೇಳದಿದ್ದರೆ ಚರಿತ್ರೆಯಾಗುವುದಿಲ್ಲ.

೨೦೧೯ರ ಜುಲೈನಲ್ಲಿ ಇಂಥದೇ ಇನ್ನೊಂದು ಋಣ ಪರಿಹಾರ ಶಾಸನ ಜಾರಿಗೆ ಬಂದಿತ್ತು. ಅರ್ಜಿಗೆ ಕೊಟ್ಟಿದ್ದ ತೊಂಬತ್ತು ದಿವಸ ಎಂದೋ ಮುಗಿದಿದೆ. ಅದರ ಹೆಸರು ಹೇಳಿ “ಸಾಲ ಮನ್ನಾ ಮಾಡಿಸಿಕೊಡ್ತೀನಿ” ಎಂದು ಹಣ ಕೇಳುವವರು ಬಂದರೆ ಬಾಗಿಲಲ್ಲೇ ಕಳಿಸಿ. ೨೦೨೫ರ ಫೆಬ್ರವರಿಯಲ್ಲಿ ಕಿರು ಸಾಲ ವಸೂಲಿಯ ಬಲವಂತ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಬಳಿಕ ಅದು ಶಾಸನವಾಯಿತು. ನೋಂದಣಿಯೂ ಪರವಾನಗಿಯೂ ಇಲ್ಲದೆ ಬಡವರಿಗೆ ಸಾಲ ಕೊಟ್ಟು ಪೀಡಿಸುವವರ ವಿರುದ್ಧ ಅದು ಆಸರೆ. ಬ್ಯಾಂಕಿನ ಸಾಲಕ್ಕೆ ಅದನ್ನು ತೋರಿಸಿ ಪ್ರಯೋಜನವಿಲ್ಲ.

ಸರಿ, ಈಗ ಪಿರಿಯಾಪಟ್ಟಣದ ಹಿರಿಯರ ಪ್ರಶ್ನೆಗೆ ಬರೋಣ. ಕಂತು ಕಟ್ಟುತ್ತಿರುವವನ ಮೇಲೆ ದಾವೆ ಹಾಕಬಹುದೆ?

ಹಾಕಬಹುದು. ಊರಿನಲ್ಲಿ ಮಾತಾಡಿಕೊಂಡ ಕಂತು ಕೋರ್ಟಿನ ಬಾಗಿಲನ್ನು ತಾನಾಗಿ ಮುಚ್ಚುವುದಿಲ್ಲ. ಸಾಲ ಕೊಟ್ಟವನಿಗೂ ಒಂದು ಅವಸರ ಇರುತ್ತದೆ. ಪ್ರೋನೋಟಿನ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ವಾಯಿದೆ. ನೀವು ಸಹಿ ಹಾಕಿ ಕಂತು ಕಟ್ಟಿದರೆ ಆ ದಿನದಿಂದ ಹೊಸ ಮೂರು ವರ್ಷ ಹುಟ್ಟುತ್ತದೆ. ಸಹಿ ಇಲ್ಲದಿದ್ದರೆ ವಾಯಿದೆ ಮೀರೀತೆಂದು ಹೆದರಿ ಅವನು ದಾವೆ ಹಾಕುವುದುಂಟು. ಹಾಗಾಗಿ ದಾವೆ ಬಂದಿತೆಂದ ಮಾತ್ರಕ್ಕೆ ಅವನು ಹಗೆ ಸಾಧಿಸುತ್ತಿದ್ದಾನೆಂದು ತಿಳಿಯಬೇಕಾಗಿಲ್ಲ. ಸಿಟ್ಟಿನಿಂದ ಕಂತು ನಿಲ್ಲಿಸಿದರೆ ಮಾತ್ರ ಕೆಟ್ಟಿರಿ. ನಿಮ್ಮ ಪಾಲಿನ ದೊಡ್ಡ ಸಾಕ್ಷಿ ತಪ್ಪದೆ ಬಂದ ಆ ಕಂತೇ.

ಕಾಗದ ಈಸಿಕೊಂಡರೆ ಸಾಲ ಒಪ್ಪಿದಂತೆ ಎಂಬುದು ಶುದ್ಧ ತಪ್ಪು. ಬೇಡವೆಂದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ಕೋರ್ಟು ಅದನ್ನು ಮುಟ್ಟಿದಂತೆಯೇ ಎಣಿಸಬಹುದು. ನೀವು ಹೋಗದಿದ್ದರೆ ೧೮೭೫ರ ಸೂಪೆಯ ರೈತರಿಗೆ ಆದದ್ದೇ ಆಗುತ್ತದೆ: ಏಕಪಕ್ಷೀಯ ಡಿಕ್ರಿ. ಆದ್ದರಿಂದ ಕಾಗದ ಈಸಿಕೊಳ್ಳಿ, ಬಂದ ತಾರೀಖನ್ನು ಅದರ ಬೆನ್ನ ಮೇಲೆ ಬರೆಯಿರಿ, ಕರೆದ ದಿವಸ ಹೋಗಿ. ಲಿಖಿತ ಜವಾಬನ್ನು ೩೦ ದಿವಸದೊಳಗೆ ಕೊಡಬೇಕು. ಕೋರ್ಟು ಒಪ್ಪಿದರೆ ೯೦ ದಿವಸದವರೆಗೆ ಉಂಟು. ಜವಾಬಿನಲ್ಲಿ ಸಾಲವೇ ಇಲ್ಲವೆಂದು ಸುಳ್ಳು ಬರೆಸಬೇಡಿ. ತಂದದ್ದು ಇಷ್ಟು, ಕೊಟ್ಟದ್ದು ಇಷ್ಟು, ಒಪ್ಪಂದ ಇಂಥ ದಿನದ್ದು, ಉಳಿದದ್ದು ಇಷ್ಟು, ಇಂಥ ಬೆಳೆಗೆ ಇಷ್ಟಿಷ್ಟು ಕೊಡಬಲ್ಲೆ ಎಂದು ಬರೆಸಿ, ರಸೀದಿ ಲಗತ್ತಿಸಿ. ಏಕಪಕ್ಷೀಯ ಡಿಕ್ರಿ ಈಗಾಗಲೇ ಆಗಿದ್ದರೂ ಅದನ್ನು ತೆಗೆಸಲು ಅರ್ಜಿ ಹಾಕಬಹುದು: ಡಿಕ್ರಿಯ ದಿನದಿಂದ ೩೦ ದಿವಸ, ಸಮನ್ಸು ಸರಿಯಾಗಿ ಮುಟ್ಟದೇ ಇದ್ದರೆ ನಿಮಗೆ ಗೊತ್ತಾದ ದಿನದಿಂದ ೩೦ ದಿವಸ.

ಕಂತನ್ನು ಯಾವಾಗ ಕೇಳಬೇಕು ಎಂಬುದೇ ಮುಖ್ಯ. ಡಿಕ್ರಿ ಮಾಡುವಾಗ, ಸಾಕಷ್ಟು ಕಾರಣವಿದ್ದರೆ, ಕೋರ್ಟು ತಾನೇ ಕಂತು ಗೊತ್ತುಮಾಡಬಹುದು. ಎದುರಿನವನು ಬೇಡವೆಂದರೂ ಮಾಡಬಹುದು. ಡಿಕ್ರಿ ಆದ ಮೇಲೆ ಕೇಳಿದರೆ ಎದುರಿನವನ ಒಪ್ಪಿಗೆ ಬೇಕೇ ಬೇಕು. ಇದು ೨೦ನೆಯ ಆದೇಶದ ೧೧ನೆಯ ನಿಯಮ. ದಖನ್ನಿನ ಶಾಸನ ಡಿಕ್ರಿಯ ಮೇಲೂ ಕೊಟ್ಟಿದ್ದ ಅನುಕೂಲ ಇಲ್ಲಿ ಇಲ್ಲ. ಅಂದರೆ ಮೊದಲ ದಿನ ಹೋದವನಿಗೆ ಕಂತು, ಕೊನೆಯ ದಿನ ಹೋದವನಿಗೆ ಬೇಡಿಕೆ.

ಕಂತಿನ ತಾರೀಖನ್ನು ಬೆಳೆಗೆ ಹೊಂದಿಸಿ ಕೇಳಿ. ಇದು ನನ್ನ ಇಲಾಖೆಯ ಮಾತು, ಧೈರ್ಯವಾಗಿ ಹೇಳುತ್ತೇನೆ. ತಿಂಗಳ ಕಂತು ಸಂಬಳದವರಿಗೆ ಸರಿ. ಮೇ ತಿಂಗಳಲ್ಲಿ ಹೊಗೆಸೊಪ್ಪಿನ ಸಸಿ ನಾಟಿ ಮಾಡುವವನ ಕೈಯಿಂದ ಹಣ ಹೋಗುತ್ತಿರುತ್ತದೆಯೇ ಹೊರತು ಬರುವುದಿಲ್ಲ. ಆಮೇಲೆ ಬ್ಯಾರನ್ನಿನ ಸೌದೆ ಖರ್ಚು. ಹರಾಜಿನ ಹಣ ಬಂದಾಗಲೂ ಬ್ಯಾಂಕಿನ ಬೆಳೆಸಾಲ ಮುರಿದುಕೊಂಡು ಉಳಿದದ್ದೇ ನಿಮ್ಮದು. ಆ ಉಳಿಕೆಯನ್ನು ನೋಡಿ ಕಂತು ಹೇಳಿ, ಬೇಲಿನ ಪೂರಾ ಬೆಲೆ ನೋಡಿ ಹೇಳಬೇಡಿ. ಭತ್ತದವರು ಜನವರಿ ಕಳೆದ ತಾರೀಖು ಕೇಳಿ. ಒಂದು ಕಂತು ತಪ್ಪಿದರೆ ಪೂರಾ ಹಣ ಒಟ್ಟಿಗೆ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅದನ್ನು ಓದಿಸಿ ಕೇಳಿಕೊಂಡೇ ಸಹಿ ಹಾಕಿ.

ಇಬ್ಬರೂ ಒಪ್ಪಿದರೆ ರಾಜಿಯನ್ನು ಬರೆಸಿ, ಇಬ್ಬರೂ ಸಹಿ ಹಾಕಿ, ಕೋರ್ಟಿಗೇ ಕೊಡಿ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲ ಉಂಟು, ಅಪೀಲು ಇಲ್ಲ, ದಾವೆ ಹಾಕಿದವನಿಗೆ ಕಟ್ಟಿದ ಕೋರ್ಟ್ ಫೀಜು ಹಿಂದಕ್ಕೆ ಸಿಗುತ್ತದೆ. ಹೀಗಾಗಿ ಅವನಿಗೂ ರಾಜಿಯಲ್ಲಿ ಆಸೆ ಇರುತ್ತದೆ. ವಕೀಲರಿಗೆ ಕೊಡಲು ಶಕ್ತಿಯಿಲ್ಲದವರು ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ೧೯೮೭ರ ಶಾಸನದಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಮೆಯಿರುವವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ.

ಸಹಕಾರ ಸಂಘದ ಸಾಲದ ತಕರಾರು ಸಾಮಾನ್ಯವಾಗಿ ಹೋಗುವುದು ಸಹಕಾರ ಇಲಾಖೆಯ ಮುಂದೆ. ಅಲ್ಲಿಂದ ಬಂದ ಕಾಗದಕ್ಕೂ ಇದೇ ಮರ್ಯಾದೆ ಕೊಡಿ. ಬ್ಯಾಂಕು ಕೋರ್ಟಿಗೆ ಹೋಗದೆಯೇ ಆಸ್ತಿ ಹಿಡಿಯುವ ೨೦೦೨ರ ಶಾಸನ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ದಾವೆ ಹಾಕಿ ಹಿಡಿಯಲು ಮಾತ್ರ ಅಡ್ಡಿಯಿಲ್ಲ.

ಮತ್ತೆ ರಸೀದಿಯ ಮಾತು. ಕಂತನ್ನು ಬ್ಯಾಂಕಿನ ಮೂಲಕವೋ ಮನಿಯಾರ್ಡರಿನ ಮೂಲಕವೋ ಕೊಡಿ, ಡಿಕ್ರಿ ಆದ ಮೇಲೆ ಕೋರ್ಟಿನಲ್ಲೇ ಕಟ್ಟಿದರೆ ಇನ್ನೂ ಕ್ಷೇಮ. ಮೊಬೈಲಿನಲ್ಲಿ ಕಳಿಸಿದ ಹಣಕ್ಕೂ ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಗುರುತು ಬರೆಸಿ. ರಸೀದಿ ಕೇಳಲು ನಾಚಬೇಡಿ. ನಮ್ಮ ತಾತ ನಾಚಿದ್ದರು.

ಪಿರಿಯಾಪಟ್ಟಣದ ಹಿರಿಯರಿಗೆ ಆಗ ಇನ್ನೂ ಹನ್ನೊಂದು ದಿವಸ ಉಳಿದಿತ್ತು. ಮಗಳನ್ನು ಕರೆದುಕೊಂಡು ಕೋರ್ಟಿಗೆ ಹೋದರು, ಸಮಿತಿಯಿಂದ ವಕೀಲರು ಸಿಕ್ಕಿದರು. ನಾಲ್ಕು ಕಂತು ಕೊಟ್ಟಿದ್ದರು. ಮೂರಕ್ಕೆ ರಸೀದಿ ಇತ್ತು. ಒಂದು ರಸೀದಿ ಗೊಬ್ಬರದ ಬಿಲ್ಲಿನ ಹಿಂದೆ ಬರೆದದ್ದು, ಅದೂ ನಡೆಯಿತು. ನಾಲ್ಕನೆಯದನ್ನು ಜಾತ್ರೆಯಲ್ಲಿ ಕೈಗೆ ಕೊಟ್ಟಿದ್ದರು. ಎದುರಿನವರು ನೆನಪಿಲ್ಲವೆಂದರು, ಅದು ಹೋಯಿತು. ಉಳಿದದ್ದಕ್ಕೆ ಲೋಕ ಅದಾಲತ್ತಿನಲ್ಲಿ ಮೂರು ಕಂತು ಆಯಿತು, ಪ್ರತಿ ವರ್ಷ ಫೆಬ್ರವರಿ ಕೊನೆಗೆ.

ಈ ತಿಂಗಳು ಮೊದಲನೆಯದನ್ನು ಕಟ್ಟಿ ನಮ್ಮ ಕೇಂದ್ರಕ್ಕೆ ಬಂದಿದ್ದರು. ಚಲನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಪಹಣಿಯ ಜೊತೆ ಮಡಿಸಿ ಇಟ್ಟಿದ್ದರು. ಜಾತ್ರೆಯ ಆ ಹಣದ ಮಾತನ್ನು ಇನ್ನೊಂದು ಸಲ ಆಡಿದರು. ಆಮೇಲೆ ಈ ಸಲ ಸಸಿಮಡಿಗೆ ಯಾವ ತಳಿ ಒಳ್ಳೆಯದೆಂದು ಕೇಳಿದರು.